ಊರಿಗೆ ರೈಲೋ, ಕಾರೋ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಊರು ರಾಣೆಬೆನ್ನೂರಿನ ಹತ್ತಿರ, ಹೆಂಡತಿಯ ತವರು ಪುತ್ತೂರು, ಅನ್ನ ಕೊಡುವ ಊರು ಬೆಂಗಳೂರು. ಕೆಲಸದ ಮೇಲೆ ತಿಂಗಳಿಗೆರಡು ಸಲ ಮೈಸೂರಿಗೂ ಹೋಗಬೇಕು. ಹೀಗಾಗಿ ಮೂರು ದಿಕ್ಕಿನ ರೈಲುಗಳೂ ಮೂರು ದಿಕ್ಕಿನ ಹೆದ್ದಾರಿಗಳೂ ನನಗೆ ಪರಿಚಿತ. ಹಬ್ಬ ಹತ್ತಿರ ಬಂದಾಗ ಸೋದರಮಾವನಿಂದ ಹಿಡಿದು ಕಚೇರಿಯ ಹೊಸ ಹುಡುಗರವರೆಗೆ ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಉತ್ತರ ಹೇಳಿ ಹೇಳಿ ಬಾಯಿ ನೋಯುವ ಮೊದಲು ಬರೆದಿಟ್ಟಿದ್ದೇನೆ.

## ಮೊದಲು ಕೇಳುವವು

ಸುತ್ತುಬಳಸು ಬೇಡ, ರೈಲು ಒಳ್ಳೆಯದೋ ಕಾರು ಒಳ್ಳೆಯದೋ ಹೇಳಿಬಿಡಿ.

ಒಬ್ಬರೋ ಇಬ್ಬರೋ ಹೊರಟಿದ್ದು, ಊರು ನಿಲ್ದಾಣಕ್ಕೆ ಹತ್ತಿರವಿದ್ದರೆ ರೈಲು. ನಾಲ್ವರಿದ್ದು, ಹೋದ ಮೇಲೆ ಮನೆದೇವರು, ಅತ್ತೆ ಮನೆ, ತೋಟ ಎಂದು ಸುತ್ತುವುದಿದ್ದರೆ ಕಾರು. ಮೂವರಿರುವ ಮನೆಗಳಲ್ಲಿ ಮಾತ್ರ ಪ್ರತಿ ಸಲವೂ ಚರ್ಚೆ ನಡೆಯುತ್ತದೆ. ನಮ್ಮದು ಅಂಥದೇ ಮನೆ.

ಫೋನಿನ ನಕ್ಷೆ ಐದೂವರೆ ಗಂಟೆ ಎನ್ನುತ್ತದೆ, ರೈಲಿನ ವೇಳಾಪಟ್ಟಿ ಆರು ಗಂಟೆ ಎನ್ನುತ್ತದೆ. ಅಂದರೆ ಕಾರೇ ಬೇಗ ತಾನೇ?

ಎರಡೂ ಸುಳ್ಳಲ್ಲ, ಎರಡೂ ಪೂರ್ತಿ ನಿಜವೂ ಅಲ್ಲ. ನಕ್ಷೆಗೆ ಹಸಿವಾಗುವುದಿಲ್ಲ. ತಿಂಡಿಗೆ ನಿಲ್ಲಿಸಿದ್ದು, ಪೆಟ್ರೋಲ್ ಹಾಕಿಸಿದ್ದು, ಮಗುವಿಗೆ ವಾಂತಿಯಾದದ್ದು ಯಾವುದೂ ಅದರ ಲೆಕ್ಕದಲ್ಲಿಲ್ಲ. ವೇಳಾಪಟ್ಟಿಗೂ ನೀವು ಮನೆಯಿಂದ ಮೆಜೆಸ್ಟಿಕ್ ತಲುಪಲು ಪಟ್ಟ ಪಾಡು ಗೊತ್ತಿಲ್ಲ. ಹೊಸ್ತಿಲಿನಿಂದ ಹೊಸ್ತಿಲಿಗೆ ಎಷ್ಟು ಹೊತ್ತು ಎಂಬುದೊಂದೇ ನಿಜವಾದ ಲೆಕ್ಕ.

ನಾನು ಇಟ್ಟುಕೊಂಡಿರುವ ಅಳತೆ ಹೀಗಿದೆ. ಕಾರಾದರೆ ನಕ್ಷೆ ತೋರಿಸಿದ ಹೊತ್ತಿಗೆ ಪ್ರತಿ 150 ಕಿಲೋಮೀಟರಿಗೆ ಅರ್ಧ ಗಂಟೆ ಸೇರಿಸುತ್ತೇನೆ. ರೈಲಾದರೆ ಎರಡೂ ಕಡೆಯ ಓಡಾಟ, ಕಾಯುವಿಕೆ ಎಲ್ಲಕ್ಕೂ ಒಟ್ಟಾಗಿ ಒಂದೂವರೆಯಿಂದ ಎರಡು ಗಂಟೆ ಸೇರಿಸುತ್ತೇನೆ. ದಾರಿ ಚಿಕ್ಕದಾದಷ್ಟೂ ಈ ಎರಡು ಗಂಟೆ ಭಾರವಾಗುತ್ತದೆ. ತುಮಕೂರಿಗೆ ಹೋಗುವವನಿಗೆ ಅದು ಪ್ರಯಾಣಕ್ಕಿಂತ ದೊಡ್ಡದು, ಬೆಳಗಾವಿಗೆ ಹೋಗುವವನಿಗೆ ಲೆಕ್ಕಕ್ಕೇ ಇಲ್ಲ.

ಇನ್ನೊಂದು ಮಾತು. ರೈಲಿನ ಆರು ಗಂಟೆಯಲ್ಲಿ ಓದಬಹುದು, ನಿದ್ದೆ ಮಾಡಬಹುದು, ಕಚೇರಿ ಕೆಲಸ ಮುಗಿಸಬಹುದು. ಕಾರಿನ ಆರು ಗಂಟೆಯಲ್ಲಿ ಚಕ್ರ ಹಿಡಿದವನು ಮಾಡಬಹುದಾದದ್ದು ಅದೊಂದೇ ಕೆಲಸ. ಹಿಂದೆ ಕೂತು ಗೊರಕೆ ಹೊಡೆದವರು "ಎಷ್ಟು ಬೇಗ ಬಂದೆವಲ್ಲ!" ಎಂದಾಗ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಬೆಂಗಳೂರಿನಲ್ಲಿ ಯಾವ ನಿಲ್ದಾಣದಲ್ಲಿ ಹತ್ತುತ್ತೇವೆ ಎನ್ನುವುದು ಅಷ್ಟು ಮುಖ್ಯವೇ?

ಟಿಕೆಟ್ ದರಕ್ಕಿಂತ ಮುಖ್ಯ. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ, ಅಂದರೆ ಹಳಬರ ಸಿಟಿ ಸ್ಟೇಷನ್ನಿಗೆ, ನೇರಳೆ ಮೆಟ್ರೊ ಮಾರ್ಗದಲ್ಲಿ ಬರಬಹುದು. 2023ರ ಅಕ್ಟೋಬರಿನಲ್ಲಿ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಆ ಮಾರ್ಗ ಪೂರ್ತಿಯಾದ ಮೇಲೆ ಪೂರ್ವ ಬೆಂಗಳೂರಿನವರ ಪಾಲಿಗೆ ರೈಲಿನ ಲೆಕ್ಕವೇ ಬದಲಾಯಿತು. ಯಶವಂತಪುರಕ್ಕೆ ಹಸಿರು ಮಾರ್ಗವಿದೆ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ 2022ರ ಜೂನ್‌ನಿಂದ ನಡೆಯುತ್ತಿದೆ. ನೋಡಲು ವಿಮಾನ ನಿಲ್ದಾಣದಂತಿದ್ದರೂ ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣದಲ್ಲಿ ಇಳಿದ ಕೂಡಲೇ ಅದು ಎದುರಿಗಿರುವುದಿಲ್ಲ. ಪೆಟ್ಟಿಗೆ ಎಳೆದುಕೊಂಡು ನಡೆಯುವ ದೂರವಲ್ಲ, ಆಟೊ ಬೇಕು.

ರಾಜರಾಜೇಶ್ವರಿ ನಗರದವರು ಮೈಸೂರು ರೈಲಿಗೆ ಮೆಜೆಸ್ಟಿಕ್ಕಿಗೆ ಹೋಗುವುದನ್ನು ನೋಡಿದ್ದೇನೆ. ಆ ದಾರಿಯ ಹೆಚ್ಚಿನ ರೈಲುಗಳು ಕೆಂಗೇರಿಯಲ್ಲಿ ನಿಲ್ಲುತ್ತವೆ. ಮುಂದೆ ಹೋಗಬೇಕಾದವರು ಮೊದಲು ಹಿಂದಕ್ಕೆ ಹೋಗುವುದೇಕೆ?

ವಂದೇ ಭಾರತ್ ಬಂದ ಮೇಲೂ ನಮ್ಮ ರೈಲುಗಳು ಏಕಿಷ್ಟು ನಿಧಾನ?

ಬಂಡಿಗೆ ಓಡುವ ಶಕ್ತಿ ಇದ್ದರೆ ಸಾಲದು, ಹಳಿಯೂ ಒಪ್ಪಬೇಕು. ತಿರುವು, ಏರು, ಹಳಿಯ ಸ್ಥಿತಿ, ಮುಂದೆ ಹೋಗುತ್ತಿರುವ ಗೂಡ್ಸ್ ಎಲ್ಲ ಸೇರಿ ವೇಗವನ್ನು ನಿರ್ಧರಿಸುತ್ತವೆ. ಬೆಂಗಳೂರು–ಮೈಸೂರು ಹಳಿಯ ಉದ್ದ ಸುಮಾರು 138 ಕಿಲೋಮೀಟರ್. ಜೋಡಿ ಮಾರ್ಗ, ವಿದ್ಯುತ್ ಎಂಜಿನ್ ಎಲ್ಲ ಇದ್ದರೂ ಬೇಗ ಹೋಗುವ ಬಂಡಿಗೆ ಎರಡು ಗಂಟೆಯಷ್ಟು ಬೇಕು, ಅಂದರೆ ಸರಾಸರಿ ವೇಗ ಎಪ್ಪತ್ತರ ಆಸುಪಾಸು. ಸಕಲೇಶಪುರ ದಾಟಿದ ಮೇಲಿನ ಘಟ್ಟದಲ್ಲಿ ಯಾವ ಬಂಡಿಯಾದರೂ ಗಂಟೆಗೆ 30 ಕಿಲೋಮೀಟರ್ ಮೀರುವಂತಿಲ್ಲ.

## ಖರ್ಚಿನ ಲೆಕ್ಕ

ಕಾರು ಹೇಗೂ ಮನೆಯಲ್ಲೇ ನಿಂತಿದೆ. ಪೆಟ್ರೋಲ್ ಖರ್ಚು ಮಾತ್ರ ಲೆಕ್ಕ ಹಾಕಿದರೆ ಸಾಲದೇ?

ನನ್ನ ಸೋದರಮಾವ ಪ್ರತಿ ಹಬ್ಬಕ್ಕೂ ಮಂಡಿಸುವ ವಾದ ಇದು. ಅರ್ಧ ಸರಿ. ವಿಮೆ, ನಿಲ್ಲಿಸುವ ಜಾಗದ ಬಾಡಿಗೆ ಇವೆಲ್ಲ ಕಾರು ಓಡಲಿ ಬಿಡಲಿ ತಪ್ಪಿದ್ದಲ್ಲ. ಆದರೆ ಟೈರ್ ಸವೆಯುವುದು ಓಡಿದಾಗ, ಸರ್ವಿಸ್ ಬರುವುದು ಓಡಿದಾಗ, ಮಾರುವಾಗ ಕೊಳ್ಳುವವನು ಮೊದಲು ಕೇಳುವುದೂ "ಎಷ್ಟು ಓಡಿದೆ?" ಎಂದೇ.

ಒಂದು ಸಾಧಾರಣ ಪೆಟ್ರೋಲ್ ಕಾರನ್ನು ತೆಗೆದುಕೊಳ್ಳೋಣ. ಹೆದ್ದಾರಿಯಲ್ಲಿ ಲೀಟರಿಗೆ 15 ಕಿಲೋಮೀಟರ್, ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದಿಟ್ಟುಕೊಂಡರೆ ಕಿಲೋಮೀಟರಿಗೆ ಏಳು ರೂಪಾಯಿಯ ಹತ್ತಿರ. ನಾಲ್ಕು ಟೈರ್‌ಗೆ 20,000 ಕೊಟ್ಟು 40,000 ಕಿಲೋಮೀಟರ್ ಓಡಿಸಿದರೆ ಅದಕ್ಕೆ 50 ಪೈಸೆ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಏಳೆಂಟು ಸಾವಿರದ ಸರ್ವಿಸ್ ಎಂದರೆ ಇನ್ನು 75 ಪೈಸೆ. ಎಂಟು ಲಕ್ಷದ ಕಾರನ್ನು 80,000 ಕಿಲೋಮೀಟರ್ ಓಡಿಸಿ ಮೂರು ಲಕ್ಷಕ್ಕೆ ಮಾರಿದರೆ ಕರಗಿದ್ದು ಐದು ಲಕ್ಷ, ಅಂದರೆ ಕಿಲೋಮೀಟರಿಗೆ ಆರೂಕಾಲು ರೂಪಾಯಿ. ಅದರಲ್ಲಿ ಅರ್ಧವನ್ನು ಕಾರಿನ ವಯಸ್ಸಿಗೆ ಬಿಟ್ಟುಕೊಟ್ಟರೂ ಮೂರು ರೂಪಾಯಿ ಓಟದ ತಲೆಗೇ ಬರುತ್ತದೆ. ಎಲ್ಲ ಕೂಡಿಸಿದರೆ ಹನ್ನೊಂದು ರೂಪಾಯಿ ದಾಟುತ್ತದೆ. ಟೋಲ್ ಬೇರೆ.

ಸೋದರಮಾವ ಇದನ್ನು ಒಪ್ಪಿಲ್ಲ. "ಮಾರಿದಾಗ ನೋಡೋಣ" ಎನ್ನುತ್ತಾರೆ.

ನಾವು ನಾಲ್ವರು, ಹುಬ್ಬಳ್ಳಿಗೆ ಹೋಗಬೇಕು. ಯಾವುದು ಅಗ್ಗ?

ಬೆಂಗಳೂರಿನಿಂದ ಹುಬ್ಬಳ್ಳಿಗೆ ರಸ್ತೆಯಲ್ಲಿ ಸುಮಾರು 410 ಕಿಲೋಮೀಟರ್. ಮೇಲಿನ ಕಾರಿಗೆ ಬರಿ ಪೆಟ್ರೋಲೇ 2,800 ರೂಪಾಯಿ. ಸವೆತವನ್ನೂ ಸೇರಿಸಿದರೆ 4,500 ದಾಟುತ್ತದೆ. ರೈಲಿನ ಸ್ಲೀಪರ್ ದರ್ಜೆಯಲ್ಲಿ ತಲೆಗೆ ಮುನ್ನೂರು ಚಿಲ್ಲರೆ, ಮೂರು ಹಂತದ ಹವಾನಿಯಂತ್ರಿತ ಬೋಗಿಯಲ್ಲಿ ಎಂಟುನೂರರ ಆಸುಪಾಸು, ವಂದೇ ಭಾರತ್ ಕುರ್ಚಿ ಬೋಗಿಯಲ್ಲಿ ಸಾವಿರದ ಮೇಲೆ.

ಸ್ಲೀಪರ್‌ನಲ್ಲಿ ಹೋಗಲು ತಯಾರಿದ್ದರೆ ನಾಲ್ವರಿಗೂ ಸೇರಿ ಕಾರಿನ ಪೆಟ್ರೋಲಿಗಿಂತ ಎಷ್ಟೋ ಕಡಿಮೆ. ಹವಾನಿಯಂತ್ರಿತ ಬೋಗಿಯೇ ಬೇಕೆಂದರೆ ಮೂವರವರೆಗೆ ರೈಲು ಅಗ್ಗ. ನಾಲ್ಕನೆಯವರು ಬಂದಾಗ ಪೆಟ್ರೋಲ್ ಮತ್ತು ಟೋಲ್ ಮಾತ್ರ ನೋಡುವವರಿಗೆ ಎರಡೂ ಸರಿಸಮ. ವಂದೇ ಭಾರತ್‌ನಲ್ಲಾದರೆ ಮೂರನೆಯವರಿಗೇ ತಕ್ಕಡಿ ಕಾರಿನ ಕಡೆಗೆ ವಾಲತೊಡಗುತ್ತದೆ. ರೈಲಿನ ಲೆಕ್ಕಕ್ಕೆ ಎರಡೂ ಕಡೆಯ ಆಟೊ ಅಥವಾ ಟ್ಯಾಕ್ಸಿ ಖರ್ಚನ್ನು ಸೇರಿಸಲು ಮರೆಯಬೇಡಿ. ಬೆಂಗಳೂರಿನಲ್ಲಿ ನಸುಕಿನ ಟ್ಯಾಕ್ಸಿಗೆ ಕೊಡುವ ದುಡ್ಡು ಕೆಲವೊಮ್ಮೆ ಸ್ಲೀಪರ್ ಟಿಕೆಟ್ಟಿಗಿಂತ ಹೆಚ್ಚು.

ಮೂರು ಸಾವಿರದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ತೆಗೆದುಕೊಂಡರೆ ಲಾಭವೇ?

2025ರ ಆಗಸ್ಟ್ 15ರಂದು ಬಂದ ಈ ಪಾಸಿಗೆ ಆಗ ನಿಗದಿಯಾದ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅಲ್ಲಿಯವರೆಗೆ. 200 ಸಲವೂ ಬಳಸಿದರೆ ಒಂದು ದಾಟಿಗೆ 15 ರೂಪಾಯಿ. ಹುಬ್ಬಳ್ಳಿ ದಾರಿಯಲ್ಲಿ ಟೋಲ್‌ಗಳ ಸಾಲೇ ಇರುವುದರಿಂದ ವರ್ಷಕ್ಕೆ ನಾಲ್ಕೈದು ಸಲ ಊರಿಗೆ ಹೋಗಿ ಬರುವವರು ಖಂಡಿತ ತೆಗೆದುಕೊಳ್ಳಬಹುದು. ಇದು ನಡೆಯುವುದು ರಾಷ್ಟ್ರೀಯ ಹೆದ್ದಾರಿ ಮತ್ತು ಎಕ್ಸ್‌ಪ್ರೆಸ್‌ವೇಗಳ ಟೋಲ್‌ಗಳಲ್ಲಿ, ಸ್ವಂತ ಬಳಕೆಯ ಕಾರು, ಜೀಪು, ವ್ಯಾನುಗಳಿಗೆ ಮಾತ್ರ. ಬೆಂಗಳೂರಿನ ನೈಸ್ ರಸ್ತೆಯಲ್ಲಿ ಎಂದಿನಂತೆ ಹಣ ಕಟ್ಟಲೇಬೇಕು.

ನಮ್ಮದು ವಿದ್ಯುತ್ ಕಾರು. ಆಗಲೂ ರೈಲಿನ ಮಾತೇ?

ಮನೆಯಲ್ಲಿ ಚಾರ್ಜ್ ಮಾಡಿಕೊಂಡು ಹೊರಟರೆ ಕಿಲೋಮೀಟರಿಗೆ ಒಂದು ರೂಪಾಯಿ ಚಿಲ್ಲರೆ, ಮೈಸೂರಿನ ದಾರಿಗೆ ಅದನ್ನು ಮೀರಿಸುವುದು ಕಷ್ಟ. ಹುಬ್ಬಳ್ಳಿಯಷ್ಟು ದೂರಕ್ಕೆ ನಡುವೆ ಒಮ್ಮೆಯಾದರೂ ಚಾರ್ಜ್ ಮಾಡಬೇಕು, ಹೊರಗಿನ ದರ ಮನೆಯ ದರಕ್ಕಿಂತ ಹೆಚ್ಚು. ಹಬ್ಬದ ದಿನ ಅಲ್ಲಿಯೂ ಸರತಿ ಇರುತ್ತದೆ.

ರೈಲು, ಕಾರು ಎಂದು ಇಷ್ಟು ಹೇಳುತ್ತೀರಿ. ಬಸ್ಸನ್ನು ಏಕೆ ಮರೆತಿರಿ?

ಮರೆತಿಲ್ಲ. ಕರ್ನಾಟಕದಲ್ಲಿ ಬಸ್ಸನ್ನು ಬಿಟ್ಟು ಲೆಕ್ಕ ಹಾಕುವುದೇ ತಪ್ಪು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಣ್ಣುಮಕ್ಕಳಿಗೆ ರಾಜ್ಯದ ಒಳಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದರವಿಲ್ಲ. ರಾಜಹಂಸ, ಐರಾವತದಂಥ ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಹಗಲು ಬಸ್ಸಿನಲ್ಲಿ ಊರಿಗೆ ಹೋದರೆ ಖರ್ಚು ಸೊನ್ನೆ. ಅದರ ಮುಂದೆ ಯಾವ ರೈಲು, ಯಾವ ಕಾರು ನಿಲ್ಲುತ್ತದೆ?

ಮಂಗಳೂರಿಗಂತೂ ರಾತ್ರಿ ಬಸ್ಸೇ ಸಾಮಾನ್ಯವಾಗಿ ರಾತ್ರಿ ರೈಲಿಗಿಂತ ಬೇಗ ಮುಟ್ಟಿಸುತ್ತದೆ. ಬೆನ್ನಿಗೆ ಯಾವುದು ಹಿತ ಎಂಬುದು ಬೇರೆ ಪ್ರಶ್ನೆ.

## ದಾರಿಗೊಂದು ನ್ಯಾಯ

ಮೈಸೂರಿಗೆ ಹೊಸ ಹೆದ್ದಾರಿ ಬಂದ ಮೇಲೆ ರೈಲು ಯಾರಿಗೆ ಬೇಕು?

ನನಗೆ ಬೇಕು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ 118 ಕಿಲೋಮೀಟರಿನ ಆ ಹೆದ್ದಾರಿಯಲ್ಲಿ ಒಂದೂವರೆ ಗಂಟೆ ಸಾಕು ಎನ್ನುವುದು ನಿಜ. ಆದರೆ ಆ ಒಂದೂವರೆ ಗಂಟೆ ಶುರುವಾಗುವುದು ಕೆಂಗೇರಿ ದಾಟಿದ ಮೇಲೆ. ಹೆಬ್ಬಾಳದಿಂದ ಹೊರಟವರು ನಾಯಂಡಹಳ್ಳಿ ಮುಟ್ಟುವಷ್ಟರಲ್ಲಿ ರೈಲು ರಾಮನಗರ ದಾಟಿರುತ್ತದೆ.

ಖರ್ಚಿನಲ್ಲಿ ಹೋಲಿಕೆಯೇ ಇಲ್ಲ. ಕಾಯ್ದಿರಿಸದ ಟಿಕೆಟ್ ನೂರು ರೂಪಾಯಿಯ ಒಳಗೆ ಸಿಗುತ್ತದೆ. ಕಾರಿಗೆ ಪೆಟ್ರೋಲ್, ಟೋಲ್ ಸೇರಿ ಒಂದು ಕಡೆಗೆ ಸಾವಿರದ ಮೇಲೆ. ಕಾರಿಗೆ ಇಲ್ಲಿ ಗಂಟೆಗೆ 100 ಕಿಲೋಮೀಟರ್ ಮಿತಿ, ಕ್ಯಾಮೆರಾಗಳು ಕಾಯುತ್ತಿರುತ್ತವೆ. ಬೈಕಿನವರಿಗೆ 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಪ್ರವೇಶವೇ ಇಲ್ಲ, ಪಕ್ಕದ ಸರ್ವಿಸ್ ರಸ್ತೆಯೇ ಗತಿ.

ಇದರ ಜೊತೆಗೆ ಮದ್ದೂರು ವಡೆಯ ವಿಷಯವೂ ಇದೆ. ಹೊಸ ರಸ್ತೆ ಮದ್ದೂರಿಗೆ ಇಳಿಯದೆ ಓಡುತ್ತದೆ, ರೈಲು ಊರೊಳಗೇ ನಿಲ್ಲುತ್ತದೆ. ವೇಗಕ್ಕೂ ಖರ್ಚಿಗೂ ಸಂಬಂಧಪಡದ ಈ ಕಾರಣವನ್ನು ನಾನು ಗಂಭೀರವಾಗಿಯೇ ಪರಿಗಣಿಸುತ್ತೇನೆ.

ಹಾಗೆಂದು ಮೈಸೂರಿನಲ್ಲಿ ಇಳಿದು ಅಲ್ಲಿಂದ ನಂಜನಗೂಡು, ತಲಕಾಡು ಎಂದು ಒಂದೇ ದಿನ ಸುತ್ತಿ ವಾಪಸಾಗುವವರಿಗೆ ಕಾರೇ ಸರಿ.

ಮಳೆಗಾಲದಲ್ಲಿ ಮಂಗಳೂರಿಗೆ ಯಾವುದು ನಂಬಿಕಸ್ತ?

ಮಳೆಗಾಲದಲ್ಲಿ ಘಟ್ಟ ಯಾರ ಮಾತನ್ನೂ ಕೇಳುವುದಿಲ್ಲ. ಶಿರಾಡಿ ರಸ್ತೆಯೂ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಹಳಿಯೂ ಒಂದೇ ಬೆಟ್ಟಸಾಲನ್ನು ಇಳಿಯುತ್ತವೆ. 2018ರ ಆಗಸ್ಟಿನಲ್ಲಿ ಎರಡೂ ಒಟ್ಟಿಗೆ ಕೈಕೊಟ್ಟಿದ್ದವು. 2024ರ ಜುಲೈ ಕೊನೆಗೆ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ವಾರಕ್ಕೂ ಹೆಚ್ಚು ಕಾಲ ರೈಲು ನಿಂತಿತ್ತು.

ಈ ಹಳಿಯ ಕಥೆಯೇ ತಾಳ್ಮೆಯ ಕಥೆ. ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು, ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಜಾರು. 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾಗಿ, 1996ರಲ್ಲಿ ಗೇಜ್ ಬದಲಾವಣೆಗೆಂದು ಮುಚ್ಚಿ, ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ನನ್ನ ಹೆಂಡತಿ ಶಾಲೆ, ಕಾಲೇಜು ಮುಗಿಸಿದ್ದೇ ಆ ಹನ್ನೊಂದು ವರ್ಷಗಳಲ್ಲಿ. ಅವಳ ಮನೆಯವರಿಗೆ ಇಂದಿಗೂ ಬೆಂಗಳೂರು ಎಂದರೆ ಮೊದಲು ನೆನಪಾಗುವುದು ರಾತ್ರಿ ಬಸ್ಸು. ವಿದ್ಯುದೀಕರಣದ ಕೆಲಸಕ್ಕೆಂದು 2025ರ ಜೂನ್‌ನಿಂದ ಹಗಲು ರೈಲುಗಳು ಮತ್ತೆ ತಿಂಗಳುಗಟ್ಟಲೆ ರದ್ದಾದಾಗ ಅತ್ತೆಯವರು "ನಮಗೆ ಇದು ಹೊಸದಲ್ಲ" ಎಂದರು.

ನನ್ನ ಪದ್ಧತಿ ಇಷ್ಟು: ಜೂನ್‌ನಿಂದ ಆಗಸ್ಟ್‌ವರೆಗೆ ರೈಲಿನ ಟಿಕೆಟ್ ಮಾಡಿಸಿರುತ್ತೇನೆ, ಹೊರಡುವ ದಿನ ಬೆಳಿಗ್ಗೆ ರೈಲ್ವೆಯ ಸಹಾಯವಾಣಿ 139ಕ್ಕೆ ಕರೆ ಮಾಡಿ ವಿಚಾರಿಸುತ್ತೇನೆ. ರೈಲು ರದ್ದಾದರೆ ಹಣ ವಾಪಸು ಬರುತ್ತದೆ. ಶಿರಾಡಿಯಲ್ಲಿ ಲಾರಿ ಅಡ್ಡ ಬಿದ್ದು ನಾಲ್ಕು ಗಂಟೆ ನಿಂತರೆ ಪೆಟ್ರೋಲಿನ ಹಣವೂ ಬರುವುದಿಲ್ಲ, ಮೂತ್ರಕ್ಕೆ ಜಾಗವೂ ಇರುವುದಿಲ್ಲ. ಕಾರಿನಲ್ಲೇ ಹೋಗಬೇಕೆಂದರೆ ಚಾರ್ಮಾಡಿಯ ಸ್ಥಿತಿಯನ್ನೂ ಕೇಳಿಟ್ಟುಕೊಳ್ಳಿ. ಕತ್ತಲಾದ ಮೇಲೆ ಘಟ್ಟ ಇಳಿಯಬೇಡಿ.

ಮಳೆ ನಿಂತ ಮೇಲೆ, ಅಕ್ಟೋಬರ್ ನವೆಂಬರಿನಲ್ಲಿ, ಹಗಲು ರೈಲು ಓಡುತ್ತಿದ್ದರೆ ಒಮ್ಮೆ ಅದರಲ್ಲಿ ಹೋಗಿ. ಅಷ್ಟು ನಿಧಾನವಾಗಿ ಹೋಗುವುದಕ್ಕೆ ದುಡ್ಡು ಕೊಡಬಹುದು.

ನಾವು ಚಿತ್ರದುರ್ಗದವರು. ದಾವಣಗೆರೆಯವರಿಗೆ ಅಷ್ಟು ರೈಲುಗಳು, ನಮಗೇಕಿಲ್ಲ?

ಏಕೆಂದರೆ ಹಳಿ ನಿಮ್ಮೂರಿನ ಕಡೆ ತಿರುಗಲೇ ಇಲ್ಲ. ಬೆಂಗಳೂರು–ಹುಬ್ಬಳ್ಳಿ ರೈಲು ತುಮಕೂರಿನಿಂದ ಅರಸೀಕೆರೆ, ಬೀರೂರು, ಚಿಕ್ಕಜಾಜೂರು ಸುತ್ತಿ ದಾವಣಗೆರೆಗೆ ಹೋಗುತ್ತದೆ. ಹೆದ್ದಾರಿ ಶಿರಾ, ಹಿರಿಯೂರು, ಚಿತ್ರದುರ್ಗದ ಮೂಲಕ ನೆಟ್ಟಗೆ ಹೋಗುತ್ತದೆ. ಹುಬ್ಬಳ್ಳಿಗೆ ಹಳಿಯಲ್ಲಿ 469 ಕಿಲೋಮೀಟರ್, ರಸ್ತೆಯಲ್ಲಿ 410. ಚಿತ್ರದುರ್ಗ ಇರುವುದು ಚಿಕ್ಕಜಾಜೂರಿನಿಂದ ಬಳ್ಳಾರಿ ಕಡೆಗೆ ಕವಲೊಡೆದ ಹಳಿಯಲ್ಲಿ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ಮಾರ್ಗ ಮುಗಿದು ರೈಲು ಓಡುವವರೆಗೆ ಹಿರಿಯೂರು, ಚಿತ್ರದುರ್ಗದವರಿಗೆ ನನ್ನ ಸಲಹೆ: ಕಾರು ಅಥವಾ ಬಸ್ಸು, ಯೋಚನೆಯೇ ಬೇಡ.

ಅದೇ ಹುಬ್ಬಳ್ಳಿ, ಧಾರವಾಡದವರಿಗೆ ಅಷ್ಟು ಸುತ್ತಿದರೂ ರೈಲೇ ಮೇಲು. 2023ರ ಜೂನ್ 27ರಂದು ಶುರುವಾದ ವಂದೇ ಭಾರತ್ ಐದು ಗಂಟೆಯ ಆಸುಪಾಸಿನಲ್ಲಿ ಹುಬ್ಬಳ್ಳಿ ಮುಟ್ಟುತ್ತದೆ, ಕಾರಿನಲ್ಲಿ ಊಟ ತಿಂಡಿ ಸೇರಿ ಏಳು ಗಂಟೆ ಬೇಕು. ರಾತ್ರಿ ಹೊರಟರೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದ್ದೇ ಇದೆ. ಹುಬ್ಬಳ್ಳಿಯಲ್ಲಿ ಇಳಿಯುವವರಿಗೆ ಒಂದು ಕಿವಿಮಾತು: ಅಲ್ಲಿನ ಮುಖ್ಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ನಿಮ್ಮ ಬೋಗಿ ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಹೊಸ್ತಿಲಿನ ಲೆಕ್ಕಕ್ಕೆ ಹತ್ತು ನಿಮಿಷ ಹೆಚ್ಚು ಕಡಿಮೆಯಾದೀತು.

ನಮ್ಮ ಊರಿಗೆ ರೈಲೇ ಇಲ್ಲ. ನಮಗೆ ಈ ಹೋಲಿಕೆಯಿಂದ ಏನು ಪ್ರಯೋಜನ?

ಕೊಡಗು ಜಿಲ್ಲೆಯಲ್ಲಿ ಹಳಿಯೇ ಇಲ್ಲ. ಮಡಿಕೇರಿಯವರು ಮೈಸೂರಿನವರೆಗೆ ರೈಲಿನಲ್ಲಿ ಬಂದು ಅಲ್ಲಿಂದ 120 ಕಿಲೋಮೀಟರ್ ಬಸ್ಸು ಹಿಡಿಯುವುದಕ್ಕಿಂತ ಬೆಂಗಳೂರಿನಿಂದಲೇ ಬಸ್ಸು ಅಥವಾ ಕಾರು ಹಿಡಿಯುವುದು ಸುಲಭ. ಹಂಪಿಗೆ ಹಾಗಲ್ಲ: ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಮಲಗಿ ಹೊಸಪೇಟೆಯಲ್ಲಿ ಎದ್ದರೆ ಉಳಿಯುವುದು 13 ಕಿಲೋಮೀಟರ್. ಜೋಗಕ್ಕೆ ತಾಳಗುಪ್ಪವರೆಗೆ ರೈಲಿದೆ, ಜಲಪಾತ ಅಲ್ಲಿಂದ ಅನತಿ ದೂರ. ನಿಲ್ದಾಣದಿಂದ ಊರಿಗೆ ಬಸ್ಸಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಬೇಕಾದರೆ ನಾನು ರೈಲಿನ ಆಸೆ ಬಿಡುತ್ತೇನೆ.

## ಮನೆಮಂದಿ, ಮೂಟೆ

ಅಪ್ಪನಿಗೆ ಎಪ್ಪತ್ತೆರಡು, ಮಂಡಿನೋವು. ಅವರನ್ನು ರೈಲಿನಲ್ಲಿ ಕರೆದೊಯ್ಯುವುದು ಸರಿಯೇ?

ಮಂಡಿನೋವಿಗೆ ಕಾರಿನಲ್ಲಿ ಕಾಲು ಮಡಿಚಿ ಆರು ಗಂಟೆ ಕೂರುವುದಕ್ಕಿಂತ ರೈಲಿನಲ್ಲಿ ಎದ್ದು ಓಡಾಡುವುದು ಹಿತ. ಶೌಚಾಲಯ ಹತ್ತು ಹೆಜ್ಜೆಯಲ್ಲಿರುತ್ತದೆ, ಸ್ವಚ್ಛತೆಯ ಮಾತು ಬೇರೆ. ಕಷ್ಟ ಇರುವುದು ನಿಲ್ದಾಣದ ಮೆಟ್ಟಿಲು ಮತ್ತು ಎರಡು ನಿಮಿಷ ಮಾತ್ರ ನಿಲ್ಲುವ ಚಿಕ್ಕ ಊರುಗಳಲ್ಲಿ. ಅಲ್ಲಿ ಇಳಿಯುವುದಿದ್ದರೆ ಹತ್ತು ನಿಮಿಷ ಮೊದಲೇ ಬಾಗಿಲ ಬಳಿ ಬನ್ನಿ.

ಟಿಕೆಟ್ ಮಾಡಿಸುವಾಗ ವಯಸ್ಸನ್ನು ಸರಿಯಾಗಿ ಬರೆಯಿರಿ. 60 ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಖಾಲಿ ಇದ್ದರೆ ಕೆಳಗಿನ ಬರ್ತ್ ಕೊಡುವ ವ್ಯವಸ್ಥೆ ಇದೆ. ದರದಲ್ಲಿ ಹಿರಿಯರಿಗಿದ್ದ ರಿಯಾಯಿತಿ ಮಾತ್ರ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು. ನಮ್ಮ ಅಪ್ಪ ಇಂದಿಗೂ ಪ್ರತಿ ಪ್ರಯಾಣದಲ್ಲೂ ಅದನ್ನು ನೆನೆಯುತ್ತಾರೆ.

ಮಕ್ಕಳಿಗೆ ಅರ್ಧ ಟಿಕೆಟ್ ಇನ್ನೂ ಇದೆಯೇ?

ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಬೇಡವೆಂದರೆ ಟಿಕೆಟ್ ಬೇಡ. ಐದರಿಂದ ಹನ್ನೆರಡರವರೆಗಿನ ಮಕ್ಕಳಿಗೆ ಬರ್ತ್ ಬೇಕೆಂದರೆ ಪೂರ್ತಿ ದರ, ಬೇಡವೆಂದರೆ ಅರ್ಧ. ಹತ್ತು ವರ್ಷದ ಹುಡುಗನನ್ನು ಇಡೀ ರಾತ್ರಿ ನಿಮ್ಮ ಬರ್ತಿನಲ್ಲೇ ಮಲಗಿಸಿಕೊಳ್ಳುವ ಧೈರ್ಯ ಮಾಡಬೇಡಿ, ನಾನು ಮಾಡಿದ್ದೇನೆ. ಕುರ್ಚಿ ಬೋಗಿಗಳಲ್ಲಿ ಸೀಟಿಲ್ಲದ ಅರ್ಧ ಟಿಕೆಟ್ ಇಲ್ಲ.

ಊರಿನಿಂದ ಅಕ್ಕಿ, ತೆಂಗಿನಕಾಯಿ, ಹಲಸಿನಹಣ್ಣು ತರಬೇಕು. ರೈಲಿನಲ್ಲಿ ಬಿಡುತ್ತಾರೆಯೇ?

ಸ್ಲೀಪರ್ ಮತ್ತು ಮೂರು ಹಂತದ ಹವಾನಿಯಂತ್ರಿತ ಬೋಗಿಯಲ್ಲಿ ತಲೆಗೆ 40 ಕಿಲೋವರೆಗೆ ಉಚಿತ, ಎರಡು ಹಂತದ ಬೋಗಿಯಲ್ಲಿ 50. ನಾಲ್ವರಿಗೆ 160 ಕಿಲೋ ಎಂದರೆ ಕಾರಿನ ಡಿಕ್ಕಿಗಿಂತ ಹೆಚ್ಚು. ಆದರೆ ಹೊರುವವರು ಯಾರು? ಕಾರಿನ ಅತಿ ದೊಡ್ಡ ಅನುಕೂಲ ಇದೇ ಎಂದು ನಾನು ಒಪ್ಪಿಕೊಳ್ಳುತ್ತೇನೆ. ಅಜ್ಜಿ ಕೊನೆಯ ಕ್ಷಣದಲ್ಲಿ ತಂದಿಟ್ಟ ಉಪ್ಪಿನಕಾಯಿ ಜಾಡಿಗೂ ಅದರಲ್ಲಿ ಜಾಗವಿರುತ್ತದೆ. ಹಣ್ಣಾದ ಹಲಸನ್ನು ಮಾತ್ರ ಹವಾನಿಯಂತ್ರಿತ ಬೋಗಿಗೆ ತರಬೇಡಿ. ನಿಯಮವಿದೆಯೆಂದಲ್ಲ, ಸಹಪ್ರಯಾಣಿಕರ ಮೇಲಿನ ಕರುಣೆಯಿಂದ.

ನಮ್ಮ ನಾಯಿಯನ್ನು ಬಿಟ್ಟು ಹೋಗಲಾರೆವು.

ಕಾರಿನಲ್ಲಿ ಹೋಗಿ. ರೈಲಿನಲ್ಲಿ ಒಂದೋ ಮೊದಲ ದರ್ಜೆಯ ಹವಾನಿಯಂತ್ರಿತ ಬೋಗಿಯ ಇಡೀ ಕೋಣೆಯನ್ನು ಮಾಡಿಸಬೇಕು, ಇಲ್ಲವೇ ಅದನ್ನು ಗಾರ್ಡ್ ಬೋಗಿಯ ಪೆಟ್ಟಿಗೆಯಲ್ಲಿ ಕಳಿಸಬೇಕು. ಎರಡನೆಯದನ್ನು ನಾಯಿ ಕ್ಷಮಿಸುವುದಿಲ್ಲ.

## ಪಳಗಿದವರು ಕೇಳುವವು

ವೇಟಿಂಗ್ ಲಿಸ್ಟ್ ಟಿಕೆಟ್ ಹಿಡಿದು ಕಾಯುವುದೋ, ಕಾರಿಗೆ ಪೆಟ್ರೋಲ್ ಹಾಕಿಸುವುದೋ?

ಎರಡನ್ನೂ ಮಾಡಿ. ಆನ್‌ಲೈನ್‌ನಲ್ಲಿ ಮಾಡಿಸಿದ ವೇಟಿಂಗ್ ಟಿಕೆಟ್ ಚಾರ್ಟ್, ಅಂದರೆ ಪ್ರಯಾಣಿಕರ ಕೊನೆಯ ಪಟ್ಟಿ, ಸಿದ್ಧವಾದಾಗಲೂ ಖಚಿತವಾಗದಿದ್ದರೆ ತಾನಾಗಿಯೇ ರದ್ದಾಗುತ್ತದೆ, ಅದನ್ನು ಹಿಡಿದು ಹತ್ತುವಂತಿಲ್ಲ. ಆರ್‌ಎಸಿ ಹಾಗಲ್ಲ, ಅರ್ಧ ಸೀಟಾದರೂ ಕೂರುವ ಹಕ್ಕಿದೆ. ಪಟ್ಟಿಯಲ್ಲಿ ಜಿಎನ್‌ಡಬ್ಲ್ಯುಎಲ್ ಎಂದಿದ್ದರೆ ಆಸೆ ಇಟ್ಟುಕೊಳ್ಳಬಹುದು. ಅದು ರೈಲು ಹೊರಡುವ ಊರಿನ ಸಾಮಾನ್ಯ ಕೋಟಾ, ದೊಡ್ಡದು, ಬೇಗ ಕರಗುತ್ತದೆ. ಪಿಕ್ಯುಡಬ್ಲ್ಯುಎಲ್, ಆರ್‌ಎಲ್‌ಡಬ್ಲ್ಯುಎಲ್ ಎಂದಿದ್ದರೆ ಅದು ನಡುದಾರಿಯ ಚಿಕ್ಕ ಕೋಟಾ, ಸಂಖ್ಯೆ ಐದಿದ್ದರೂ ನಂಬಬೇಡಿ. ಕಾರನ್ನು ತೊಳೆಸಿಡಿ.

ಗೌರಿ ಗಣೇಶ, ದೀಪಾವಳಿಗೆ ಟಿಕೆಟ್ ಸಿಗುವುದೇ ಇಲ್ಲ. ನೀವು ಹೇಗೆ ಮಾಡಿಸುತ್ತೀರಿ?

2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿ 120 ದಿನದಿಂದ 60ಕ್ಕೆ ಇಳಿದಿದೆ. ಕ್ಯಾಲೆಂಡರಿನಲ್ಲಿ ಅರವತ್ತು ದಿನ ಹಿಂದಕ್ಕೆ ಎಣಿಸಿ, ಬೆಳಿಗ್ಗೆ ಎಂಟು ಗಂಟೆಗೆ ಸಿದ್ಧರಾಗಿ ಕೂರುವುದೇ ನನ್ನ ಗುಟ್ಟು. ತಪ್ಪಿದರೆ ಹಿಂದಿನ ದಿನದ ತತ್ಕಾಲ್: ಹವಾನಿಯಂತ್ರಿತ ದರ್ಜೆಗಳಿಗೆ ಹತ್ತು ಗಂಟೆಗೆ, ಉಳಿದವಕ್ಕೆ ಹನ್ನೊಂದಕ್ಕೆ. 2025ರ ಜುಲೈನಿಂದ ತತ್ಕಾಲ್‌ಗೆ ಐಆರ್‌ಸಿಟಿಸಿಯ (ಆನ್‌ಲೈನ್ ಟಿಕೆಟ್ ತಾಣದ) ಖಾತೆಗೆ ಆಧಾರ್ ಜೋಡಿಸಿರಲೇಬೇಕು. ಅದನ್ನು ತತ್ಕಾಲ್ ದಿನ ಬೆಳಿಗ್ಗೆ 9.58ಕ್ಕೆ ನೆನಪಿಸಿಕೊಂಡವರನ್ನು ಬಲ್ಲೆ.

ಹಬ್ಬದ ದಿನ ಕಾರು ಕೂಡ ಸುಖವಲ್ಲ. ಒಂದು ಗಣೇಶ ಹಬ್ಬದ ಮುನ್ನಾ ಸಂಜೆ ಆರಕ್ಕೆ ಹೊರಟ ನಾನು ನೆಲಮಂಗಲ ದಾಟಿದಾಗ ಎಂಟೂಮುಕ್ಕಾಲು. ಆ ಸಲ ರಾಣೆಬೆನ್ನೂರಿನಲ್ಲಿ ಮಂಗಳಾರತಿಗೆ ಸಿಕ್ಕೆ, ಕಡುಬಿಗೆ ಸಿಗಲಿಲ್ಲ. ಈಗ ಕಾರಾದರೆ ನಸುಕಿನ ನಾಲ್ಕೂವರೆಗೇ ಹೊರಡುತ್ತೇವೆ.

ರಾತ್ರಿ ಕಾರು ಓಡಿಸಿದರೆ ರಸ್ತೆ ಖಾಲಿ, ಹಗಲೂ ಉಳಿಯುತ್ತದೆ. ಏಕೆ ಬೇಡ ಎನ್ನುತ್ತೀರಿ?

ನಸುಕಿನ ಎರಡರಿಂದ ಐದರವರೆಗೆ ದೇಹ ನಿದ್ದೆ ಕೇಳುತ್ತದೆ. ಚಹಾ, ಹಾಡು ಯಾವುದಕ್ಕೂ ಅದು ಬಗ್ಗುವುದಿಲ್ಲ. ದೀಪವಿಲ್ಲದೆ ಬದಿಗೆ ನಿಂತ ಲಾರಿ ಕಾಣುವುದು ತೀರಾ ಹತ್ತಿರ ಹೋದ ಮೇಲೆ. ಹಗಲು ಉಳಿಸಬೇಕೆಂದರೆ ರಾತ್ರಿ ರೈಲಿನ ಬರ್ತಿಗಿಂತ ಒಳ್ಳೆಯ ಉಪಾಯವಿಲ್ಲ. ಒಂದು ರಾತ್ರಿಯ ಹೋಟೆಲ್ ಬಾಡಿಗೆಯೂ ಉಳಿಯುತ್ತದೆ.

ರೈಲು ಅಪಘಾತದ ಸುದ್ದಿ ನೋಡಿದ ಮೇಲೆ ನಮ್ಮ ಮನೆಯಲ್ಲಿ ರೈಲೇ ಬೇಡ ಎನ್ನುತ್ತಾರೆ.

2023ರ ಜೂನ್ 2ರ ಬಾಲಸೋರ್ ದುರಂತದಲ್ಲಿ ಮುನ್ನೂರರ ಹತ್ತಿರ ಜನ ಸತ್ತರು, ದೇಶವೇ ಬೆಚ್ಚಿತು. ಅದೇ 2023ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1.72 ಲಕ್ಷಕ್ಕೂ ಹೆಚ್ಚು. ಭಾಗಿಸಿ ನೋಡಿದರೆ ದಿನಕ್ಕೆ 470. ಅಂದರೆ ಬಾಲಸೋರ್‌ಗಿಂತ ದೊಡ್ಡ ದುರಂತ ರಸ್ತೆಗಳಲ್ಲಿ ಪ್ರತಿದಿನ ನಡೆಯುತ್ತದೆ. ಚದುರಿ ನಡೆಯುವುದರಿಂದ ಸುದ್ದಿಯಾಗುವುದಿಲ್ಲ.

ಕಾರನ್ನೂ ರೈಲಿನಲ್ಲೇ ಸಾಗಿಸಿ, ನಾವೂ ಅದರಲ್ಲೇ ಹೋಗುವ ವ್ಯವಸ್ಥೆ ಇದೆಯೇ?

ಬೆಂಗಳೂರಿನಿಂದ ಊರಿಗೆ ಹೋಗುವವರಿಗೆ ಇಲ್ಲ. ಕೊಂಕಣ ರೈಲ್ವೆ ಲಾರಿಗಳನ್ನು ಸುರತ್ಕಲ್‌ನಿಂದ ಮಹಾರಾಷ್ಟ್ರದ ಕೋಲಾಡ್‌ಗೆ ರೈಲಿನ ಮೇಲೆ ಹೇರಿ ಒಯ್ಯುತ್ತದೆ. 2025ರ ಗಣೇಶ ಹಬ್ಬಕ್ಕೆ ಕಾರುಗಳಿಗೂ ಕೋಲಾಡ್‌ನಿಂದ ಗೋವಾದ ವೆರ್ಣಾವರೆಗೆ ಅದೇ ಬಗೆಯ ಸೇವೆ ಆರಂಭಿಸಿತು. ಬೈಕನ್ನಾದರೆ ಎಲ್ಲ ದೊಡ್ಡ ನಿಲ್ದಾಣಗಳಿಂದಲೂ ಪಾರ್ಸೆಲ್ ಮಾಡಬಹುದು: ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಗೋಣಿಚೀಲದಲ್ಲಿ ಸುತ್ತಿಸಿ, ಆರ್‌ಸಿ ಪ್ರತಿ ಕೊಟ್ಟು ಚೀಟಿ ಪಡೆಯಬೇಕು.

ರೈಲು ನಾಲ್ಕು ಗಂಟೆ ತಡ ಎಂದು ಸಂದೇಶ ಬಂದಿದೆ. ಈಗ ಟಿಕೆಟ್ ಬಿಟ್ಟು ಕಾರಿನಲ್ಲಿ ಹೊರಟರೆ ದುಡ್ಡು ಹೋಯಿತೇ?

ಹೋಗುವುದಿಲ್ಲ. ನೀವು ಹತ್ತುವ ನಿಲ್ದಾಣಕ್ಕೆ ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿದ್ದು, ನೀವು ಪ್ರಯಾಣ ಮಾಡದಿದ್ದರೆ ಪೂರ್ತಿ ಹಣ ಕೇಳಬಹುದು. ಅದಕ್ಕೆ ಟಿಡಿಆರ್ ಎಂಬ ಅರ್ಜಿಯನ್ನು ರೈಲು ನಿಜವಾಗಿ ಹೊರಡುವ ಮೊದಲೇ ಸಲ್ಲಿಸಿರಬೇಕು. ಎಲ್ಲರೂ ತಪ್ಪುವುದು ಇಲ್ಲಿಯೇ: ಸಿಟ್ಟಿನಲ್ಲಿ ಕಾರು ಹತ್ತಿ, ತುಮಕೂರಿನಲ್ಲಿ ಇಡ್ಲಿ ತಿನ್ನುವಾಗ ಅರ್ಜಿಯ ನೆನಪಾಗಿ, ನೋಡಿದರೆ ರೈಲು ಹೊರಟೇ ಹೋಗಿರುತ್ತದೆ. ಅರ್ಜಿ ಮೊದಲು, ಕಾರಿನ ಕೀಲಿ ಆಮೇಲೆ.